ಮಗ್ಗದಲ್ಲಿ ನಿಂತ ಹಾಸು

ತಕ್ಕಡಿ ಹಿಡಿಯಲು ನನ್ನನ್ನೇ ಕರೆದರು. ಕೇರಿಯವರು ಯಾರು ಹಿಡಿದರೂ ಜಗಳ ಆಗ್ತದ, ನೀವಾದರೆ ಹೊರಗಿನವರು ಎಂದರು. ಹೀಗಾಗಿ ದೇವದುರ್ಗದ ಕಂಬಳಿ ನೇಕಾರರ ಸಂಘ ನಮ್ಮ ಒಕ್ಕೂಟ ಬಿಟ್ಟು ಹೋಗುವ ತೀರ್ಮಾನ ನನ್ನ ಬಲಗೈಯಲ್ಲೇ ತೂಗಿತು. ಎಂಬತ್ತೆರಡರ ದಸರೆ ಮುಗಿದಿತ್ತು. ಕುರಿಗಳ ಮೈಯ ತುಪ್ಪಟ ಕತ್ತರಿಸಿ ಆಗಿತ್ತು, ಎಲ್ಲರ ಮನೆಯಲ್ಲೂ ಹೊಸ ಉಣ್ಣೆಯ ವಾಸನೆ.

ಒಕ್ಕೂಟವೆಂದರೆ ದೊಡ್ಡದೇನಲ್ಲ, ಎರಡು ಸಂಘ ಮತ್ತು ರಾಯಚೂರಿನಲ್ಲೊಂದು ಮಳಿಗೆ. ಆ ಮಳಿಗೆ ನೋಡಿಕೊಳ್ಳುವವನು ನಾನು. ದೇವದುರ್ಗದವರ ಹತ್ತಿರ ಕುರಿ ಇತ್ತು, ಉಣ್ಣೆ ಇತ್ತು, ಮಗ್ಗವೂ ಇತ್ತು. ಮಾನ್ವಿಯವರಿಗೆ ಮಗ್ಗವಷ್ಟೇ ಉಳಿದಿತ್ತು. ಕಾಲುವೆ ನೀರು ಬಂದು ಹುಲ್ಲು ಬೆಳೆಯುವ ನೆಲವೆಲ್ಲ ಭತ್ತದ ಗದ್ದೆಯಾದ ಮೇಲೆ ಅವರು ಕುರಿ ಮಾರಿಕೊಂಡಿದ್ದರು. ಉಣ್ಣೆಯೆಲ್ಲ ಮಳಿಗೆಗೆ ಬರಬೇಕು, ಅಲ್ಲಿಂದ ಎರಡೂ ಕಡೆಗೆ ಹಂಚಿಕೆಯಾಗಬೇಕು, ನೇಯ್ದ ಕಂಬಳಿ ಮತ್ತೆ ಮಳಿಗೆಗೇ ಬರಬೇಕು, ಒಬ್ಬರೂ ಹೊರಗೆ ಮಾರಬಾರದು. ಇದು ಕಟ್ಟಳೆ.

ದೇವದುರ್ಗದವರ ಸಿಟ್ಟಿಗೆ ಕಾರಣವಿತ್ತು. ಅವರ ಮರಿಗಳ ಮೆತ್ತನೆ ಉಣ್ಣೆ ಮಾನ್ವಿಗೆ ಹೋಗುತ್ತಿತ್ತು, ಅವರಿಗೆ ಹಂಚಿಕೆಯಲ್ಲಿ ಬರುತ್ತಿದ್ದುದು ಬೆರಕೆ. "ನಮ್ಮ ಕುರಿ, ನಮ್ಮ ಉಣ್ಣಿ, ಮೆತ್ತಗ ಹೊದ್ಕೊಳ್ಳೋರು ಮಂದಿ" ಎನ್ನುತ್ತಿದ್ದರು. ಈ ಮಾತನ್ನು ನಾನು ಒಕ್ಕೂಟದ ಅಧ್ಯಕ್ಷರಿಗೆ ಎಷ್ಟೋ ಸಲ ಮುಟ್ಟಿಸಿದ್ದೆ. ಅವರು ಪ್ರತಿ ಸಲವೂ "ನೋಡೋಣು" ಎಂದಿದ್ದರು.

ಹಿಂದೊಮ್ಮೆ ಕೈ ಎತ್ತಿಸಿ ಕೇಳಿದಾಗ ಅಣ್ಣತಮ್ಮಂದಿರೇ ಹೊಡೆದಾಡಿಕೊಂಡಿದ್ದರಂತೆ. ಅದಕ್ಕೆ ಈ ಸಲ ಗುಟ್ಟಾಗಿ ಕೇಳುವುದು ಎಂದಾಯಿತು. ಗದ್ದಿಗೆ ಹಾಕಿದರು, ಅಂದರೆ ಕರಿ ಕಂಬಳಿ ಮಡಿಸಿ ಹಾಸಿ, ಅದರ ಮೇಲೆ ಭಂಡಾರದ ಅರಿಷಿಣವಿಟ್ಟು ಪೂಜೆ ಮಾಡಿದರು. ಒಬ್ಬೊಬ್ಬ ಗಂಡಸೂ ಮುಷ್ಟಿ ಮುಚ್ಚಿಕೊಂಡು ಬಂದು ಒಂದು ಎಸಳು ಉಣ್ಣೆಯನ್ನು ಕಂಬಳಿಯ ಕೆಳಗೆ ತೂರಿಸಬೇಕು. ಕರಿ ಉಣ್ಣೆ ಎಂದರೆ ಒಕ್ಕೂಟದಲ್ಲೇ ಇರೋಣ, ಕಂದು ಎಂದರೆ ಬಿಡೋಣ.

ಕೊನೆಗೆ ಕಂಬಳಿ ಎತ್ತಿ ನೋಡಿದರೆ ಎಲ್ಲ ಎಸಳೂ ಒಂದಕ್ಕೊಂದು ಅಂಟಿ ಒಂದೇ ಮುದ್ದೆಯಾಗಿತ್ತು. ಹಿರಿಯರು ಅದರ ಮೇಲೆಯೇ ಒರಗಿ ಕೂತು ಎಲೆ ಅಡಿಕೆ ಹಾಕಿಕೊಂಡಿದ್ದರಲ್ಲ! ಬಣ್ಣ ಬೇರೆ ಮಾಡಬಹುದು, ಯಾರದು ಎಲ್ಲಿಗೆ ಮುಗಿಯಿತು ಎಂದು ಎಣಿಸುವುದು ಹೇಗೆ? ಹುಟ್ಟಿದಾಗಿನಿಂದ ಉಣ್ಣೆಯಲ್ಲೇ ಕೈಯಾಡಿಸಿದ ಮಂದಿಗೆ ಇದು ಮೊದಲೇ ಹೊಳೆಯಲಿಲ್ಲ. "ಅದಕ್ಕೇನು, ತೂಗಿದ್ರಾತು" ಎಂದ ಒಬ್ಬ. ತಕ್ಕಡಿ ಬಂತು.

ನಾನು ಎರಡೂ ಗುಡ್ಡೆ ಮುಟ್ಟಿ ನೋಡಿದೆ. "ಹಿರ್ಯಾರ, ಕರೇದು ತೊಳದದ್ದು ಅದ. ಕಂದು ತೊಳೀದದ್ದು. ಜಿಡ್ಡು ಅದ, ಮುಳ್ಳು ಅದ. ತೂಕ ಸರಿ ಬರೂದಿಲ್ರಿ."

ಬಿಡಬೇಕು ಎಂದು ಊರೆಲ್ಲ ತಿರುಗಿ ಮಂದಿ ಕೂಡಿಸಿದ್ದ ಮುಖಂಡ, ಸಂಘದಲ್ಲಿ ಎಲ್ಲರಿಗಿಂತ ದೊಡ್ಡ ಹಿಂಡಿನ ಧಣಿ, ನನ್ನ ಕಡೆ ತಿರುಗಿದ. "ಸಾಬರ, ಆ ಮುಳ್ಳು ನಿಮಗ್ಯಾಕ? ತಕ್ಕಡಿ ಮುಳ್ಳು ನೋಡ್ರಿ."

ಎಲ್ಲರೂ ನಕ್ಕರು. ಕಂದು ಉಣ್ಣೆಯ ತಟ್ಟೆ ತುಸುವೇ ಕೆಳಗಿಳಿಯಿತು. ಮುಖಂಡ ಕೂಡಲೇ ಭಂಡಾರ ಹಿಡಿದು ಎಲ್ಲರ ಹಣೆಗೂ ಬಳಿದ. ಒಕ್ಕೂಟದ ಉಣ್ಣೆ ಇನ್ನು ನಮ್ಮ ಕೈಯಿಂದ ನೇಯೂದಿಲ್ಲ ಎಂದು ಗಂಡಸರು ಗದ್ದಿಗೆ ಮುಟ್ಟಿ ಆಣೆ ಮಾಡಿದರು. ಬರೀ ಠರಾವು ಆಗಿದ್ದರೆ ಮುಂದಿನ ಸಭೆಯಲ್ಲಿ ತಿದ್ದಬಹುದಿತ್ತು. ಗದ್ದಿಗೆಯ ಮೇಲೆ ಆದದ್ದನ್ನು ತಿದ್ದುವವರು ಯಾರು?

ನನ್ನ ತಲೆಯಲ್ಲಿ ಆಗ ಇದ್ದದ್ದು ಒಂದೇ ಚಿಂತೆ. ರಾಯಚೂರಿನ ಒಂದು ದೊಡ್ಡ ಆಸ್ಪತ್ರೆಗೆ ಚಳಿ ಬಲಿಯುವ ಮೊದಲು ಕರಿ ಕಂಬಳಿ ಕೊಡುತ್ತೇವೆಂದು ಒಕ್ಕೂಟ ಒಪ್ಪಿಕೊಂಡಿತ್ತು. ಮಳಿಗೆ ನಡೆಯುತ್ತಿದ್ದುದೇ ಆ ಒಂದು ಆರ್ಡರಿನ ಮೇಲೆ. ಅದು ತಪ್ಪಿದರೆ ಆಸ್ಪತ್ರೆಯವರು ಗಿರಣಿ ಕಂಬಳಿ ತರಿಸುತ್ತಾರೆ, ಒಮ್ಮೆ ಗಿರಣಿಯದು ಬಂತೆಂದರೆ ಮತ್ತೆ ನಮ್ಮ ಕಡೆ ನೋಡುವುದಿಲ್ಲ, ಮಳಿಗೆಗೆ ಬೀಗ. ಆ ಕಂಬಳಿಗಳ ಮುಕ್ಕಾಲು ಪಾಲಿನ ಹಾಸು, ಎಂದರೆ ಉದ್ದನೂಲು, ಹುಣಸೆಬೀಜದ ಗಂಜಿ ಕುಡಿದು ದೇವದುರ್ಗದ ಮಗ್ಗಗಳ ಮೇಲೆ ಏರಿ ಕೂತಿತ್ತು. ಅಡ್ಡ ನೂಲು ಹೊಡೆದು ನೇಯುವುದಷ್ಟೇ ಬಾಕಿ.

*

ಮರುದಿನ ಬೆಳಿಗ್ಗೆಯ ಬಸ್ಸಿಗೇ ರಾಯಚೂರಿಗೆ ಬಂದು ಅಧ್ಯಕ್ಷರ ಮನೆಗೆ ಹೋದೆ. ವಿಧಾನಸಭೆ ಚುನಾವಣೆ ಹತ್ತಿರ ಬಂದಿತ್ತು, ಅವರಿಗೆ ಟಿಕೆಟ್ಟಿನ ಆಸೆ. ಪಡಸಾಲೆ ತುಂಬ ಮಂದಿ. ಚಹಾದ ಮೇಲೆ ಚಹಾ. ನಾನು ಹೇಳಿದ್ದನ್ನೆಲ್ಲ ಕಣ್ಣು ಮುಚ್ಚಿಕೊಂಡು ಕೇಳಿದರು.

"ಹೋದ್ರ ಹೋಗಲಿ ಬಿಡ್ರಿ. ತಾವೇ ತಿರುಗಿ ಬರ್ತಾರ."

"ಅಲ್ಲಿ ತನಕ ಹಾಸು ಕಾಯಂಗಿಲ್ರಿ. ಗಂಜಿ ಹಾಕಿದ ಮ್ಯಾಲ ಲಗೂನ ನೇಯಬೇಕು. ಮೋಡ ಹಾಕ್ತಂದ್ರ ಬೂಸರು, ಒಣಗಿದ್ರ ನೂಲು ಕಡ್ಡಿ ಆಗಿ ಮುರೀತದ, ಇಲಿ ಬ್ಯಾರೆ."

"ಹಂಗಾರ ನಮ್ಮ ನೂಲು ನಾವು ತರೋಣು."

"ಹಾಸು ಕತ್ತರಿಸೂದಿಲ್ಲ ಅಂತಾರ್ರಿ. ಕಂಬಳಿ ಮುಗೀದ ಹಾಸು ಕತ್ತರಿಸಿದ್ರ ಮನಿಗೆ ಒಳ್ಳೇದಲ್ಲಂತ."

"ಹಂಗಾರ ನೇಯಲಿ!"

"ನೇಯೂದಿಲ್ಲಂತ ಆಣಿ ಮಾಡ್ಯಾರ್ರಿ."

ಅಧ್ಯಕ್ಷರು ಕಣ್ಣು ತೆರೆದು ನನ್ನನ್ನು ನೋಡಿದರು, ಈ ತೊಡಕನ್ನು ನಾನೇ ಕಟ್ಟಿ ತಂದಿದ್ದೇನೆ ಎಂಬಂತೆ. ಮೂಲೆಯಲ್ಲಿ ಪೇಪರು ಹಿಡಿದಿದ್ದ ಅವರ ಗುಮಾಸ್ತ ನಡುವೆ ಬಾಯಿ ಹಾಕಿದ. ಯುರೋಪಿನ ಆಚೆ ಯಾವುದೋ ಹಿಮದ ದ್ವೀಪವಂತೆ. ಅಲ್ಲಿಯ ಮಂದಿಯೂ ಆ ವರ್ಷ ಓಟು ಹಾಕಿ, ದೇಶ ದೇಶಗಳು ಕೂಡಿ ಮಾಡಿಕೊಂಡ ಮಾರುಕಟ್ಟೆಯ ಕೂಟ ಬೇಡ, ನಮ್ಮ ಮೀನು ನಮಗಿರಲಿ ಎಂದು ಹೇಳಿದ್ದಾರಂತೆ.

"ಮತ್ತ ಹೊರಗ ಬಂದ್ರೇನು?" ಎಂದರು ಅಧ್ಯಕ್ಷರು.

"ಎಲ್ಲೀದು ಧಣಿ, ಹೆಂಗ ಬರಬೇಕು ಅನ್ನೂದರ ಮಾತುಕತಿ ಇನ್ನ ನಡದದಂತ."

"ನೋಡ್ರಿ!" ಎಂದು ಅಧ್ಯಕ್ಷರು ತೊಡೆ ತಟ್ಟಿಕೊಂಡರು. "ಅಂಥಾ ದೊಡ್ಡ ಮಂದೀಗೇ ಗೊತ್ತಿಲ್ಲ. ನಾವೇನು ಅವಸರ ಮಾಡೂದು? ಎಲೆಕ್ಷನ್ ಮುಗೀಲಿ."

ಮೀನು ನೀರಿನಲ್ಲಿ ಕಾಯುತ್ತದೆ. ನನ್ನ ಹಾಸು ಇಲಿಯ ಎದುರಿಗೆ ಕಾಯಬೇಕಿತ್ತು.

ಒಕ್ಕೂಟದ ಕಟ್ಟಳೆ ಬಲ್ಲ ಕಚೇರಿಯವರನ್ನೂ ಹೋಗಿ ಕೇಳಿದೆ. ಸಂಘ ಸೇರುವುದು ಹೇಗೆಂದು ಬೈಲಾದಲ್ಲಿ ಇದೆ, ಬಿಡುವುದು ಹೇಗೆಂದು ಇಲ್ಲ, ಯಾರೂ ಬಿಡುತ್ತಾರೆಂದು ಬರೆದವರಿಗೆ ತೋಚಿರಲಿಕ್ಕಿಲ್ಲ ಎಂದರು. ಪಾಪ, ಒಳ್ಳೆಯ ಮಾತಿನಲ್ಲೇ ಹೇಳಿದರು. ಮನೆಗೆ ಬಂದರೆ ಹೆಂಡತಿ ರೊಟ್ಟಿ, ಪುಂಡಿಪಲ್ಯ ಇಟ್ಟುಕೊಂಡು ಕಾಯುತ್ತಿದ್ದಳು. ನಮ್ಮ ದಖನಿಯಲ್ಲಿ ಅವಳು ಕೇಳಿದ್ದು ಇಷ್ಟೇ: ಅವರು ಬಿಟ್ಟರು, ಇವರು ಹೋಗಲಿ ಅಂದರು, ನಡುವೆ ನೀವೊಬ್ಬರೇ ಯಾಕೆ ಓಡಾಡುತ್ತೀರಿ? ನಾನು ರೊಟ್ಟಿ ಮುರಿದೆ. 

*

ಮತ್ತೆ ದೇವದುರ್ಗ. ಅಂದು ಮುಂಜಾನೆಯಿಂದ ಮೋಡ. ಕೇರಿಯಲ್ಲಿ ಲಾಳಿ ಓಡುವ ಸದ್ದಿಲ್ಲ. ಒಂದೊಂದು ಮನೆಯಲ್ಲೂ ನೇಕಾರ ಕಾಲಿಳಿಸಿ ಕೂರುವ ನೆಲದ ಕುಣಿ, ಅದರ ಮುಂದೆ ಮಗ್ಗ, ಮಗ್ಗದ ಮೇಲೆ ಬಿಗಿದ ಕರಿ ಹಾಸು, ಅದರ ಮೇಲೆ ಧೂಳು ಬೀಳದಂತೆ ಹಳೆ ಸೀರೆ. ನಾನು ಬಗ್ಗಿ ಮೂಸಿ ನೋಡಿದೆ. ಗಂಜಿಯ ಹುಳಿ ವಾಸನೆ ಆಗಲೇ ಶುರುವಾಗಿತ್ತು. ಬೆರಳಾಡಿಸಿದರೆ ಅಂಟು.

ನೇಕಾರರು ಕಟ್ಟೆಯ ಮೇಲೆ ಕೂತು ಬೀಡಿ ಎಳೆಯುತ್ತಿದ್ದರು. ಅವರಿಗೂ ಕೆಲಸವಿಲ್ಲ. ಒಕ್ಕೂಟ ಬಿಟ್ಟ ಕೂಡಲೇ ಹುಬ್ಬಳ್ಳಿಯಿಂದ ಒಬ್ಬ ವ್ಯಾಪಾರಿ ಬಂದು ಉಣ್ಣೆ, ಕಂಬಳಿ ಎಲ್ಲ ಎತ್ತುತ್ತಾನೆಂದು ಮುಖಂಡ ಹೇಳಿದ್ದನಂತೆ. ವ್ಯಾಪಾರಿ ಬಂದಿರಲಿಲ್ಲ.

"ಯಾವಾಗ ಬರ್ತಾನಂತ?" ಎಂದು ಕೇಳಿದೆ.

"ಮುಖಂಡಗ ಗೊತ್ತು."

"ಮುಖಂಡ ಎಲ್ಲಿ?"

"ಕುರಿ ಹೊಡಕೊಂಡು ಹೋದ."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎಲ್ಲರನ್ನೂ ಹೊರಗೆ ಕರೆತಂದವನು ಮೇವಿನ ದಾರಿ ಹಿಡಿದು ಹಿಂಡಿನ ಜೊತೆ ಊರೇ ಬಿಟ್ಟಿದ್ದ. ವರ್ಷವೂ ಹೋಗುವುದು ನಿಜ. ಈ ವರ್ಷ ತುಸು ಮೊದಲೇ ಹೋಗಿದ್ದ.

ಎದುರು ಮನೆಯ ಮುದುಕಿ ಹೊರಗೆ ಕೂತು ಉಣ್ಣೆ ಹಿಂಜುತ್ತಿದ್ದಳು. ಕೇರಿಯಲ್ಲಿ ಅವಳಷ್ಟು ಸಣ್ಣ ನೂಲು ತೆಗೆಯುವವರಿಲ್ಲ. ಗಂಡ ಇಲ್ಲ, ಮಗ ನೇಕಾರ, ಅವನೂ ಕಂದು ಉಣ್ಣೆ ಹಾಕಿದವನೇ, ಕಟ್ಟೆಯ ಮೇಲೆ ಬೀಡಿ ಎಳೆಯುವವರಲ್ಲಿ ಒಬ್ಬ. "ಸಾಬಣ್ಣ, ಚಹಾ ಕುಡಿ ಬಾ" ಎಂದು ಕರೆದಳು. "ಅವ್ರನ್ನೇನು ಕೇಳ್ತಿ? ಹೊರಗ ಬಂದು ಕಟ್ಟೀ ಮ್ಯಾಲ ಕೂತಾರ. ಅಷ್ಟೇ ದೂರ ಬಂದದ್ದು."

ಮಗ ಅಲ್ಲಿಂದಲೇ ಕೂಗಿದ. "ಯವ್ವಾ, ಸುಮ್ನ ಕೂಡ್ಬೇ."

"ನಾ ಸುಮ್ನ ಕೂತ್ರ ನಿನಗ ರೊಟ್ಟಿ ಯಾರು ಬಡೀತಾರ್ಲೇ?"

ಮುಖಂಡನನ್ನು ಹುಡುಕಿಕೊಂಡು ಜಾಲಹಳ್ಳಿಗೆ ಹೋದೆ. ಬಸ್ಸಿಳಿದು ಕೇಳಿದರೆ, ಹಿಂಡು ಹಾದು ಹೋಗಿ ಆಯಿತು ಎಂದರು. ಯಾವ ಕಡೆಗೆ? ಒಬ್ಬ ಹೊಳೆ ಕಡೆ ಎಂದ, ಇನ್ನೊಬ್ಬ ಮಾನ್ವಿ ಕಡೆ ಎಂದ. ಮೊದಲನೆಯವನ ಮಾತು ನಂಬಿ ದೇವಸುಗೂರಿನ ತನಕ ಹೋದೆ. ಹೊಳೆದಂಡೆಯಲ್ಲಿ ಬೇರೆ ಯಾರದೋ ಹಿಂಡು, ಬೇರೆ ಯಾರೋ ಮನುಷ್ಯ. ನನ್ನ ಮೋರೆ ನೋಡಿ ಅವನೇ ಮಜ್ಜಿಗೆ ಕೊಟ್ಟ. ಒಂದು ದಿನ ಹಾಳು.

*

ಮುಖಂಡ ಸಿಕ್ಕಿದ್ದು ಮಾನ್ವಿಯಲ್ಲಿ. ಕೊಯ್ದು ಖಾಲಿಯಾದ ಭತ್ತದ ಗದ್ದೆಯಲ್ಲಿ ಬಲೆ ಕಟ್ಟಿ ಹಿಂಡು ನಿಲ್ಲಿಸಿದ್ದ. ಕುರಿ ಒಂದು ರಾತ್ರಿ ಮಲಗಿ ಎದ್ದರೆ ಗದ್ದೆಗೆ ಗೊಬ್ಬರ. ಗದ್ದೆಯ ಮಾಲೀಕ ಕುರಿಯವರಿಗೆ ಭತ್ತ ಅಳೆಯುತ್ತಾನೆ. ಮಾನ್ವಿಯವರ ಜೊತೆ ನಮಗೆ ಸಂಬಂಧವೇ ಬೇಡ ಎಂದು ಸಭೆಯಲ್ಲಿ ಗಂಟಲು ಹರಿದುಕೊಂಡವನು ಮಾನ್ವಿಯ ಅನ್ನ ಉಣ್ಣುತ್ತ ಕೂತಿದ್ದ. ನಾನು ಅದನ್ನು ಆಡಿಯೇಬಿಟ್ಟೆ.

"ಇದು ಬ್ಯಾರೆ ಸಾಬರ. ಅದು ಒಕ್ಕೂಟದ ಮಾತು, ಇದು ಕುರಿ ಮಾತು," ಎಂದ, ಮೋರೆಯ ಮೇಲೆ ಒಂದು ಗೆರೆ ಅಲುಗಿಸದೆ. "ಬರ್ರಿ, ಕೂಡ್ರಿ. ಹಾಲು ಕಾಸ್ಲೇನು?"

"ಹಾಲು ಇರಲಿ. ಹುಬ್ಬಳ್ಳಿ ವ್ಯಾಪಾರಿ ಎಲ್ಲಿ?"

"ಬರ್ತೀನಂದಿದ್ದ."

"ಯಾವಾಗ?"

"ಒಕ್ಕೂಟದವರು ಅಡ್ಡಿ ಮಾಡೂದಿಲ್ಲ ಅಂತ ಖಾತ್ರಿ ಆದ್ರ ಬರ್ತಾನಂತ. ಒಕ್ಕೂಟದ ಅಡ್ಡಿ ಅದ ಏನು?"

"ಅಧ್ಯಕ್ಷರು ಏನೂ ಹೇಳಾಕ ತಯಾರಿಲ್ಲ."

"ಹಂಗಾರ ಅವನೂ ಬರೂದಿಲ್ಲ." ಅವನು ಒಂದು ಮರಿಯನ್ನು ಎಳೆದುಕೊಂಡು ಅದರ ಗೊರಸು ನೋಡತೊಡಗಿದ. ಮತ್ತೆ ದನಿ ತಗ್ಗಿಸಿ ಹೇಳಿದ. "ಖರೇ ಹೇಳ್ಲೇನು ಸಾಬರ? ನಾ ಬಿಡೂಣು ಅಂದೆ. ಕಂದು ತಟ್ಟಿ ಇಳೀತದ ಅಂತ ನಾ ತಿಳದಿದ್ದಿಲ್ಲ. ತುಸು ಅಂಜಿಸಿದ್ರ ಮೆತ್ತನ ಉಣ್ಣಿ ಕೊಡ್ತಾರ ಅಂತ ಮಾಡಿದ್ದೆ."

"ಮತ್ತ ಈಗೇನು ಮಾಡೂದು? ಹಾಸು ಕೊಳ್ಯಾಕತ್ತಾವು."

"ಭಂಡಾರ ಹಚ್ಚೀನಿ. ನನ್ನ ಕೈಯಾಗ ಏನದ? ಅಧ್ಯಕ್ಷರೇ ಬಂದು ಕೇಳಲಿ."

ಅಧ್ಯಕ್ಷರು ಅವರೇ ಬರಲಿ ಅಂತಾರೆ, ಇವನು ಅಧ್ಯಕ್ಷರು ಬರಲಿ ಅಂತಾನೆ. ನಾನು ಅಲ್ಲಿಂದ ಎದ್ದೆ. ಗದ್ದೆಯ ಬದುವಿನ ಮೇಲೆ ನಡೆಯುವಾಗ ಕಾಲು ಜಾರಿ ಒಂದು ಚಪ್ಪಲಿ ಕಾಲುವೆಯ ಕೆಸರಿನಲ್ಲಿ ಹೋಯಿತು. ಎಷ್ಟು ತಡವರಿಸಿದರೂ ಸಿಗಲಿಲ್ಲ. ಸಿಟ್ಟಿಗೆ ಇನ್ನೊಂದನ್ನೂ ಎಸೆದೆ.

ಬರಿಗಾಲಲ್ಲೇ ಮಾನ್ವಿ ಸಂಘದ ಹಿರಿ ನೇಕಾರನ ಮನೆಗೆ ಹೋದೆ. ನಾಲ್ವತ್ತರ ಆಚೀಚೆಯ ಮನುಷ್ಯ, ಒಳ್ಳೆ ಕೈ. ಉಣ್ಣೆ ಬರದೆ ಅವನ ಮಗ್ಗ ಬರಿದಾಗಿತ್ತು. ಅವನೂ ಇತರರೂ ಅಕ್ಕಿ ಗಿರಣಿಯಲ್ಲಿ ಚೀಲ ಹೊರಲು ಹೋಗತೊಡಗಿದ್ದರು. ಅಂಗೈ ತೋರಿಸಿದ. ನೂಲಿನ ಗೆರೆಗಳ ಮೇಲೆ ಚೀಲದ ಬೊಬ್ಬೆ.

"ಆಸ್ಪತ್ರಿ ಮಾಲು ತಪ್ಪಿದ್ರ ಮಳಗಿ ಮುಚ್ಚತದ ಅಲ್ರಿ?" ಎಂದು ಕೇಳಿದ.

"ಮುಚ್ಚತದ."

"ಅಲ್ಲೆ ಹಾಸು ಅದ, ನೇಯವರಿಲ್ಲ. ಇಲ್ಲೆ ನೇಯವರು ಅದೀವಿ, ಹಾಸಿಲ್ಲ." ಅವನು ಅಂಗೈ ಉಜ್ಜಿಕೊಂಡು, "ಆ ಮುದುಕಿ ಅದಾಳಲ್ರಿ, ಸಣ್ಣ ನೂಲು ತಗೀತಾಳ? ಅಕಿ ನಮ್ಮಪ್ಪನ ಅಕ್ಕ. ನನಗ ಸೋದರತ್ತಿ" ಎಂದ.

ಆ ಮಾತಿನಿಂದ ಏನು ಮಾಡಬಹುದು ಎಂಬುದು ಅವನಿಗೂ ತಿಳಿದಿರಲಿಲ್ಲ, ನನಗೂ. ಪರರ ಕಾಲು ತಮ್ಮ ಮಗ್ಗದ ಕುಣಿಯಲ್ಲಿ ಇಳಿಯಲು ಯಾವ ನೇಕಾರನೂ ಬಿಡುವುದಿಲ್ಲ. ಅಮಾವಾಸ್ಯೆಗೆ ಅದಕ್ಕೆ ಪೂಜೆ ಮಾಡುವ ಮಂದಿ.

*

ರಾಯಚೂರಿಗೆ ಹೋಗಿ ಅಧ್ಯಕ್ಷರನ್ನು ಇನ್ನೊಮ್ಮೆ ಕಂಡೆ. ಮಾನ್ವಿಯವರನ್ನು ದೇವದುರ್ಗಕ್ಕೆ ಕರೆದುಕೊಂಡು ಹೋಗಲೇ ಎಂದು ಕೇಳಿದೆ. ಅವರು ಹೌಹಾರಿದರು. "ಎಲೆಕ್ಷನ್ ಹೊತ್ತಿನ್ಯಾಗ ಎರಡೂರಿನವರು ಬಡದಾಡಿದ್ರ ನನ್ನ ಹೆಸರು ಏನಾಗಬೇಕು? ಏನೂ ಮಾಡಬ್ಯಾಡ್ರಿ." ಮಾಡಿರಿ ಎಂದೂ ಹೇಳಲಿಲ್ಲ, ಮಾಲು ಬೇಡ ಎಂದೂ ಹೇಳಲಿಲ್ಲ. ಮಾಲು ಮಾತ್ರ ವೇಳೆಗೆ ಮುಟ್ಟಬೇಕಂತೆ.

ನಾನು ಹೊಸ ಚಪ್ಪಲಿ ಕೊಂಡೆ. ಮಳಿಗೆಯ ಬಾಗಿಲು ತೆಗೆದು, ಖಾಲಿ ಹಲಗೆಗಳನ್ನು ಒರೆಸಿ, ಮತ್ತೆ ಬಾಗಿಲು ಹಾಕಿದೆ. ಮರುದಿನ ದೇವದುರ್ಗಕ್ಕೆ ಹೋದವನು ಕಟ್ಟೆಯ ಕಡೆ ಹೋಗಲಿಲ್ಲ. ನೇರ ಮುದುಕಿಯ ಮನೆಗೆ ಹೋದೆ.

ಅವಳು ಮಗ್ಗದ ಮೇಲಿನ ಸೀರೆ ಸರಿಸಿ ತೋರಿಸಿದಳು. ಅಂಚಿನಲ್ಲಿ ಇಲಿ ಒಂದು ಹಿಡಿ ನೂಲು ಕಡಿದಿತ್ತು. ಅವಳು ಕಡಿದ ಎಳೆಗಳನ್ನು ಒಂದೊಂದಾಗಿ ಉಗುಳು ಹಚ್ಚಿ ಹೊಸೆದು ಕೂಡಿಸಿದ್ದಳು, ಗಂಟು ಕಾಣದಂತೆ.

"ಇದನ್ನ ಹಗಲೆಲ್ಲಾ ಮಾಡಾಕತ್ತೀನಿ. ನಾ ಕೂಡಸ್ತೀನಿ, ಅದು ಕಡೀತದ. ನನ್ನ ಮಗ ಬೀಡಿ ಸೇದ್ತಾನ."

"ಯವ್ವಾ, ಅವನ ತಪ್ಪಲ್ಲ. ಆಣಿ ಮಾಡ್ಯಾನ."

"ಅವ ಮಾಡ್ಯಾನ. ನಾ ಮಾಡೀನೇನು?"

ನಾನು ಅವಳ ಮೋರೆ ನೋಡಿದೆ. ಅವಳು ತಮಾಷೆ ಮಾಡುತ್ತಿರಲಿಲ್ಲ.

"ಆ ದಿನ ಗದ್ದಿಗಿಗೆ ನನ್ನ ಕರದ್ರೇನು? ಈ ಕೇರ್ಯಾಗಿನ ಒಂದು ಹೆಂಗಸನ್ನಾರ ಕರದ್ರೇನು? ನಾವು ಉಣ್ಣಿ ತೊಳದೀವಿ, ಹಿಂಜೀವಿ, ನೂತೀವಿ, ಬೀಜ ಅರದು ಗಂಜಿ ಕಾಸೀವಿ. ಕಂಬಳಿ ಕೆಳಗ ಇಡಾಕ ಒಂದು ಎಸಳು ಹಾಕು ಅಂತ ಯಾರೂ ಅನ್ನಲಿಲ್ಲ. ಕರೇದೂ ಹಾಕಿಲ್ಲ, ಕಂದೂ ಹಾಕಿಲ್ಲ. ಅವ್ರು ಹೊರಗ ಹೋಗ್ಯಾರ, ಹೋಗಲಿ. ನಾ ಯಾವಾಗ ಹೋದೆ?"

"ಮಗ್ಗಕ್ಕ ಕೂಡವರು ಯಾರು? ಹೆಂಗಸರು ಕುಣ್ಯಾಗ ಇಳ್ಯಾಂಗಿಲ್ಲಲ್ಲ."

"ನನ್ನ ತಮ್ಮನ ಮಗ ಮಾನ್ವ್ಯಾಗ ಚೀಲ ಹೊರಾಕತ್ಯಾನಂತ. ಸೋದರತ್ತಿ ಮನಿಗೆ ಅಳಿಯ ಬಂದ್ರ ಬ್ಯಾಡ ಅನ್ನೋರು ಯಾರು?"

ಮನೆಯ ಮುಂದಿನ ಕಟ್ಟೆಯಿಂದ ಮಗ ಎದ್ದು ಬಂದ. "ಯವ್ವಾ, ನನ್ನ ಕುಣ್ಯಾಗ ಅವ ಕಾಲಿಟ್ರ ನೋಡು!"

"ನಿಂದ್ಯಾವ ಕುಣಿಲೇ? ನಿಮ್ಮಪ್ಪ ತೋಡಿದ್ದು. ಮಣ್ಣು ಹೊತ್ತಾಕಿ ನಾನು. ಆಗ ನೀ ನನ್ನ ಬೆನ್ನ ಮ್ಯಾಲಿದ್ದಿ."

ಅವನು ತಿರುಗಿ ಕಟ್ಟೆಗೆ ಹೋಗಿ ಕೂತ.

ನನಗೆ ಯಾವ ಅಧಿಕಾರವೂ ಇರಲಿಲ್ಲ. ಅಧ್ಯಕ್ಷರು ಬೇಡ ಎಂದಿದ್ದರು. ಮುಖಂಡನ ಒಪ್ಪಿಗೆ ಇರಲಿಲ್ಲ. ಹೊಡೆದಾಟವಾದರೆ ನನ್ನ ತಲೆಗೇ ಬರುತ್ತಿತ್ತು, ಸಾಬ ಬಂದು ಊರೊಳಗೆ ಜಗಳ ಹಚ್ಚಿದ ಎನ್ನುವುದಕ್ಕೂ ಹೊತ್ತು ಬೇಕಿರಲಿಲ್ಲ. ಅದನ್ನೆಲ್ಲ ಮುದುಕಿಯ ಪಡಸಾಲೆಯಲ್ಲಿ ಕೂತು ಯೋಚಿಸಿದೆ. ಕೇಳುತ್ತ ಕೇಳುತ್ತ ಹಾಸು ಕೊಳೆಯತೊಡಗಿತ್ತು. ಇನ್ನು ಯಾರನ್ನೂ ಕೇಳಬಾರದು ಎಂದು ತೀರ್ಮಾನಿಸಿದೆ. ಮಾನ್ವಿಯ ಬಸ್ಸು ಹತ್ತಿದೆ.

*

ಅವನೊಬ್ಬನೇ ಬರಲಿಲ್ಲ. ದೇವದುರ್ಗದಲ್ಲಿ ಅತ್ತೆಯೋ ಅಕ್ಕನೋ ಇದ್ದ ನೇಕಾರರೆಲ್ಲ ತಮ್ಮ ತಮ್ಮ ಲಾಳಿ ಟವೆಲಿನಲ್ಲಿ ಸುತ್ತಿಕೊಂಡು ಬಂದರು. ಹೆಣ್ಣು ಕೊಟ್ಟು ತಂದ ಊರುಗಳು, ನೆಂಟಸ್ತಿಕೆಗೆ ಕೊರತೆ ಇರಲಿಲ್ಲ. ಕೈಯಲ್ಲಿ ಬಾಳೆಹಣ್ಣು, ಮಂಡಕ್ಕಿಯ ಪೊಟ್ಟಣ. ನೆಂಟರ ಮನೆಗೆ ಬರಿಗೈಯಲ್ಲಿ ಹೋಗಬಾರದಲ್ಲ.

ಮೊದಲ ದಿನದ ಮುಂಜಾನೆಯೆಲ್ಲ ಹಾಸಿನ ನೂಲಿಗೆ ಜೀವ ಬರಿಸುವುದರಲ್ಲೇ ಕಳೆಯಿತು. ಗಂಜಿ ಒಣಗಿ ನೂಲು ಕಡ್ಡಿಯಂತಾಗಿತ್ತು. ಒದ್ದೆ ಗೋಣಿತಾಟು ಹಿಂಡಿ ಹಾಸಿನ ಮೇಲೆ ಹೊದಿಸಿ, ತುಸು ತಣಿದ ಮೇಲೆ ತೆಗೆದು, ಮತ್ತೆ ಹೊದಿಸಿ. ನೀರು ಹೆಚ್ಚಾದರೆ ಎಳೆ ಎಳೆ ಅಂಟುತ್ತದೆ, ಕಡಿಮೆಯಾದರೆ ಮೊದಲ ಏಟಿಗೇ ತುಂಡು. ಬೂಸರು ಹಿಡಿದಲ್ಲಿ ಹೆಂಗಸರು ಸುಣ್ಣದ ತಿಳಿನೀರಿನಲ್ಲಿ ಅದ್ದಿದ ಅರಿವೆಯಿಂದ ಒರೆಸಿದರು. ಮಧ್ಯಾಹ್ನದ ಮೇಲೆ ಮುದುಕಿ ಕುಣಿಗೆ ಅರಿಷಿಣ ಕುಂಕುಮ ಹಚ್ಚಿ, "ಇಳೀಪಾ ಅಳಿಯ" ಎಂದಳು. ಅವನು ಕುಣಿಯ ಅಂಚು ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಇಳಿದ.

ಲಾಳಿ ಓಡಿತು. ಕೇರಿಯ ಗಂಡಸರೆಲ್ಲ ಮುದುಕಿಯ ಮನೆಯ ಮುಂದೆ ಸೇರಿದರು. ಈಗ ಬಡಿದಾಟ ಖಂಡಿತ ಎಂದುಕೊಂಡೆ. ಮುದುಕಿಯ ಮಗ ಎಲ್ಲರಿಗಿಂತ ಮುಂದೆ, ಬೀಡಿ ಆರಿದ್ದೂ ಗೊತ್ತಿಲ್ಲದೆ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ನೋಡಿದ. ಇನ್ನೂ ನೋಡಿದ. ಕೊನೆಗೆ ತಡೆಯಲಾರದೆ ಕೂಗಿದ.

"ಲೇ, ಹಂಗಲ್ಲೋ! ಅದೇನು ಭತ್ತದ ಚೀಲ ಅಂತ ಮಾಡೀಯೇನು? ಬಿಗಿ ಹೊಡಿ, ಎಡಕ್ಕ ಸಡ್ಲ ಬೀಳಾಕತ್ತದ!"

"ನಿನ್ನ ಮಗ್ಗ ಸೊಟ್ಟ ಅದಲೇ ಭಾವಾ!" ಎಂದ ಮಾನ್ವಿಯವನು ಕುಣಿಯೊಳಗಿಂದ.

"ನನ್ನ ಮಗ್ಗ ಸೊಟ್ಟ? ಕಾಲು ಸೊಟ್ಟ ಅದ ನಿಂದು!"

ನಕ್ಕವರು ನಕ್ಕರು. ಕತ್ತಲಾಗುವ ತನಕ ಮುದುಕಿಯ ಮಗ ಬಾಗಿಲು ಬಿಟ್ಟು ಕದಲಲಿಲ್ಲ. ಒಂದು ಎಳೆಯನ್ನೂ ಮುಟ್ಟಲಿಲ್ಲ, ಆಣೆ ಆಣೆಯೇ. ಬಾಯಿಯಿಂದ ಮಾತ್ರ ಪೂರಾ ಕಂಬಳಿ ನೇಯ್ದ.

ಎಲ್ಲ ಮನೆಗಳಲ್ಲೂ ಹೀಗಾಗಲಿಲ್ಲ. ಮುದುಕಿಯಂತೆ ಬಾಯಿ ಇದ್ದ ಹೆಂಗಸರ ಮನೆಗಳಲ್ಲಿ ಮಗ್ಗ ಓಡಿತು. ಕೆಲವು ಮನೆಗಳಲ್ಲಿ ಸೊಸೆಯಂದಿರು ಬಾಗಿಲ ಮರೆಯಿಂದ ನನ್ನನ್ನು ನೋಡಿ, ಗಂಡನ ಕಡೆ ನೋಡಿ, ಒಳಗೆ ಹೋದರು. ಒಬ್ಬ ನನ್ನೆದುರಿಗೇ ಬಾಗಿಲು ಹಾಕಿಕೊಂಡ. ಮುಖಂಡನ ಮನೆಯ ಮಗ್ಗವಂತೂ ಯಾರ ಮಾತಿಗೂ ಸಿಗಲಿಲ್ಲ. ಅವನ ಹೆಂಡತಿ ಹಿಂಡಿನ ಜೊತೆ ಮಾನ್ವಿಯ ಗದ್ದೆಯಲ್ಲಿದ್ದಳು. ಬೀಗ ಹಾಕಿದ ಬಾಗಿಲ ಸಂದಿಯಿಂದ ನೋಡಿದರೆ ಹಾಸು ಇಲಿಗಳ ಪಾಲಾಗಿ ನೆಲಕ್ಕೆ ಜೋತುಬಿದ್ದಿತ್ತು. ಆ ಮನೆಯ ಮುಂದೆ ನಿಂತಷ್ಟು ಹೊತ್ತು ನನಗೆ ಆದ ಸಂಕಟ ಅಧ್ಯಕ್ಷರ ಪಡಸಾಲೆಯಲ್ಲಿ ಕೂಡ ಆಗಿರಲಿಲ್ಲ. ಬೀಗ ಒಡೆಯಬಹುದಿತ್ತು. ಒಡೆಯಲಿಲ್ಲ.

*

ಬಸ್ಸಿನ ಮೇಲೆ ಹೇರಿಕೊಂಡು ರಾಯಚೂರಿಗೆ ಬಂದಾಗ ಮಾಲು ಒಪ್ಪಿಕೊಂಡದ್ದರ ಅರ್ಧಕ್ಕಿಂತ ತುಸು ಹೆಚ್ಚಿತ್ತು. ಚಳಿ ಆಗಲೇ ಬಲಿತಿತ್ತು. ಆಸ್ಪತ್ರೆಯ ಉಗ್ರಾಣದವರು ಒಂದೊಂದು ಕಂಬಳಿಯನ್ನೂ ಬೆಳಕಿಗೆ ಹಿಡಿದು ನೋಡಿದರು. ಬೂಸರು ಒರೆಸಿದ ಕಲೆ ಇದ್ದವನ್ನು ಬದಿಗಿಟ್ಟರು. ಉಳಿದವನ್ನು ಒಪ್ಪಿಕೊಂಡರು. ಕೊರತೆ ಬಿದ್ದದ್ದಕ್ಕೆ ಗಿರಣಿ ಕಂಬಳಿ ತರಿಸಿದ್ದೇವೆ ಎಂದು ಆ ಗಂಟನ್ನೂ ತೋರಿಸಿದರು. ನಾನು ಮುಟ್ಟಿ ನೋಡಿದೆ. ಹಗುರ, ನುಣುಪು, ಒಂದರಂತೆ ಇನ್ನೊಂದು.

"ಮಳಗಿ ಇರತದಲ್ರಿ ಮುಂದಿನ ವರ್ಷ?" ಎಂದು ಕೇಳಿದರು. "ನಿಮ್ಮನ್ನ ಕೇಳಬೇಕೋ, ದೇವದುರ್ಗದವರನ್ನೇ ಕೇಳಬೇಕೋ?"

ಅಧ್ಯಕ್ಷರಿಗೆ ಟಿಕೆಟ್ಟು ಸಿಕ್ಕಿರಲಿಲ್ಲ. ಅವರು ಯಾರಿಗೂ ಮೋರೆ ತೋರಿಸುತ್ತಿರಲಿಲ್ಲ. ಚುನಾವಣೆ ಮುಗಿದು ಬೆಂಗಳೂರಿನಲ್ಲಿ ಸರ್ಕಾರವೇ ಬದಲಾಗಿತ್ತು. ನಮ್ಮಂಥ ಒಕ್ಕೂಟಗಳನ್ನು ಇಡುತ್ತಾರೋ ಒಡೆಯುತ್ತಾರೋ ಎಂದು ಕಚೇರಿಯವರೇ ನನ್ನನ್ನು ಕೇಳುತ್ತಿದ್ದರು. ಉಗ್ರಾಣದವರಿಗೆ ನಾನು ಸುಳ್ಳು ಹೇಳಲಿಲ್ಲ. ಗೊತ್ತಿಲ್ಲ ಎಂದೆ. ಅವರು ತಲೆಯಾಡಿಸಿ, ಗಿರಣಿ ಗಂಟನ್ನು ಮೇಲಿನ ಹಲಗೆಗೆ ಎತ್ತಿಸಿದರು, ನಮ್ಮದನ್ನು ಕೆಳಗೆ, ಕೈಗೆ ಸಿಗುವಲ್ಲಿ ಇಡಿಸಿದರು. ಅದರಿಂದ ಏನು ತಿಳಿದುಕೊಳ್ಳಬೇಕು ಎಂದು ಆ ಸಂಜೆಯೆಲ್ಲ ನಾನೂ ನನ್ನ ಹೆಂಡತಿಯೂ ಮಾತಾಡಿ, ಯಾವುದಕ್ಕೂ ಬರದೆ ಮಲಗಿದೆವು.

ಬದಿಗಿಟ್ಟ ಕಂಬಳಿಗಳನ್ನು ಮಗ್ಗವಿದ್ದ ಮನೆಗಳಿಗೆ ಮುಟ್ಟಿಸಲು ದೇವದುರ್ಗಕ್ಕೆ ಹೋದಾಗ ಬಿಸಿಲು ಏರತೊಡಗಿತ್ತು. ಮಾನ್ವಿಯವರು ಊರಿಗೆ ಮರಳಿದ್ದರು. ಕಟ್ಟೆ ತುಂಬಿತ್ತು. ಮುಖಂಡ ಬಂದಿರಲಿಲ್ಲ, ವ್ಯಾಪಾರಿಯೂ ಬಂದಿರಲಿಲ್ಲ. ನಾವು ಒಳಗೋ ಹೊರಗೋ ಎಂದು ಮುದುಕಿಯ ಮಗ ಎದ್ದು ನಿಂತು ಕೇಳಿದ. ಅವನ ದನಿಯಲ್ಲಿ ಜಗಳವಿರಲಿಲ್ಲ. ನಾನು ಕಂಬಳಿಗಳ ಗಂಟನ್ನು ಕಟ್ಟೆಯ ಮೇಲೆ ಇಳಿಸಿದೆ.

ಮುದುಕಿ ಹೊಸ್ತಿಲಲ್ಲಿ ಕೂತು ರಾಟೆಗೆ ಎಣ್ಣೆ ಹಾಕುತ್ತಿದ್ದಳು. ಪಕ್ಕದಲ್ಲಿ ಎರಡು ಬುಟ್ಟಿ ಉಣ್ಣೆ, ಎರಡನ್ನೂ ತೊಳೆದು ಒಣಗಿಸಿದ್ದಳು.

"ಸಾಬಣ್ಣ, ಮುಂದಿಂದು ಯಾವುದು ನೂಲಲಿ? ಕರೇದೋ, ಕಂದೋ? ಕಂದು ಆದ್ರ ಸಂತ್ಯಾಗ ನಾವೇ ಮಾರ್ಕೋಬಹುದು. ಕರೇದು ಆಸ್ಪತ್ರಿಗಷ್ಟೇ ಹೋಗ್ತದ. ನೂತ ಮ್ಯಾಲ ಬ್ಯಾಡ ಅನಬ್ಯಾಡ ಮತ್ತ."

ಯಾರನ್ನು ಕೇಳಿ ಹೇಳಬೇಕಿತ್ತೋ ಅವರೆಲ್ಲ ಅವರವರ ಜಾಗದಲ್ಲಿ ಸುಮ್ಮನೆ ಕೂತಿದ್ದರು. ಮಳಿಗೆ ಬರುವ ಚಳಿಗೆ ಇರುತ್ತದೆಂಬ ಖಾತ್ರಿ ನನಗೂ ಇರಲಿಲ್ಲ. ಅವಳ ಕೈ ರಾಟೆಯ ಮೇಲೆ ಕಾಯುತ್ತಿತ್ತು.

"ಕರೇದು ನೂಲ್ರಿ ಯವ್ವಾ," ಎಂದೆ. "ಸಣ್ಣಗ."